ಮರಿಮೀನಿನ ದರಕ್ಕೆ ಕೈ ಹಾಕಿ: ಮೀನುಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ ಸಚಿವರಿಗೆ, ನಮಸ್ಕಾರಗಳು.

ಬೋಟು ಎಳೆದೊಯ್ಯುವ ಟ್ರಾಲ್ ಬಲೆಯ ಕಾಡ್ ಎಂಡ್‌ಗೆ, ಅಂದರೆ ಮೀನು ಬಂದು ಸೇರುವ ಕೊನೆಯ ಚೀಲಕ್ಕೆ, 35 ಮಿ.ಮೀ. ಚೌಕ ಕಣ್ಣು ಇರಬೇಕೆಂಬ ನಿಯಮ ನಮ್ಮಲ್ಲಿದೆ. ಆದರೂ ಮಲ್ಪೆ, ಮಂಗಳೂರಿನ ದಕ್ಕೆಗಳಲ್ಲಿ ಬೆರಳುದ್ದದ ಬಂಗುಡೆ ಮರಿ ಬುಟ್ಟಿಗಟ್ಟಲೆ ಇಳಿದು ಮೀನಿನ ಪುಡಿ ಮಾಡುವ ಫಿಶ್‌ಮಿಲ್‌ನ ಲಾರಿ ಹತ್ತುತ್ತದೆ. ಇಲಾಖೆ ಬಲೆ ಅಳೆಯುತ್ತಿದೆ. ದುಡ್ಡು ಹುಟ್ಟುವುದು ಮಿಲ್ಲಿನ ಗೇಟಿನಲ್ಲಿ.

ಆಳಸಮುದ್ರದ ಬೋಟು ಹತ್ತು ದಿನದ ಟ್ರಿಪ್‌ಗೆ ಹೋದರೆ, ಮೊದಲ ದಿನಗಳ ಚಿಲ್ಲರೆ ಮೀನು ಸತ್ತ ಮೇಲೆ ಕಡಲಿಗೇ ವಾಪಸ್. ಐಸೂ ಜಾಗವೂ ಅಂಜಲ್, ಬೊಂಡಾಸ್‌ (ಸ್ಕ್ವಿಡ್) ತರಹದ ಬೆಲೆಬಾಳುವ ಮಾಲಿಗೆ ಬೇಕು. ಕೊನೆಯ ಎರಡು ಮೂರು ದಿನ ಸ್ಟೋರೇಜ್ ಖಾಲಿಯಿದ್ದರೆ ಅದೇ ಮೀನು ಒಳಗೆ ಬೀಳುತ್ತದೆ. ಡೀಸೆಲ್ ಹೇಗೂ ಸುಟ್ಟಾಗಿದೆ, ಬಂದಷ್ಟೂ ಲಾಭ. ಮಿಲ್ಲಿನ ದರ ಏರಿದರೆ ಲೆಕ್ಕ ತಿರುಗುತ್ತದೆ: ಆಕಸ್ಮಿಕವಾಗಿ ಸಿಗುತ್ತಿದ್ದ ಮೀನಿಗಾಗಿಯೇ ಬಲೆ ಬೀಳುತ್ತದೆ.

ನಷ್ಟ ಎಷ್ಟು? ಮೀನಿನ ಉದ್ದ ಇಮ್ಮಡಿಯಾದರೆ ತೂಕ ಸುಮಾರು ಎಂಟು ಪಟ್ಟು. 10 ಸೆಂ.ಮೀ. ಬಂಗುಡೆ ಕಿಲೋಗೆ ನೂರರ ಆಸುಪಾಸು ಬರುತ್ತದೆ. ಅವುಗಳಲ್ಲಿ ಇಪ್ಪತ್ತೇ ಬದುಕಿ 20 ಸೆಂ.ಮೀ. ತಲುಪಿದರೂ ಒಂದೂವರೆ ಕಿಲೋ ದಾಟುತ್ತದೆ, ಅದೂ ಊಟದ ಮೀನಿನ ದರಕ್ಕೆ. ಮಿಲ್ಲಿನಲ್ಲಾದರೆ ನಾಲ್ಕೈದು ಕಿಲೋ ಹಸಿಮೀನು ಬೆಂದು, ಹಿಂಡಿ, ಒಣಗಿ ಒಂದು ಕಿಲೋ ಪುಡಿ. ಇದು ಬೋಟು ನಡೆಸುವ ಯಾವ ತಂಡೇಲನಿಗೆ ಗೊತ್ತಿಲ್ಲ? ಆದರೆ ತಾನು ಬಿಟ್ಟ ಮರಿ ನಾಳೆ ಪಕ್ಕದ ಬೋಟಿನ ಬಲೆಗೆ ಬೀಳುತ್ತದೆಂಬುದೂ ಗೊತ್ತು. ಬುದ್ಧಿಮಾತಿನ ಶಿಬಿರಗಳು ಸೋಲುವುದು ಇಲ್ಲೇ.

ಹಾಗೆಂದು ಮರಿಮೀನು ತರುವುದನ್ನೇ ನಿಷೇಧಿಸಿದರೆ ಬೋಟಿನವರು ಅದನ್ನು ಕಡಲಿನಲ್ಲೇ ಚೆಲ್ಲಿ ಬರುತ್ತಾರೆ. ಸತ್ತ ಮೀನಿಗೆ ಅದರಿಂದ ಏನೂ ಆಗದು, ನಿಮಗೆ ಲೆಕ್ಕವೂ ಸಿಗದು. ನಾರ್ವೆ 1987ರಲ್ಲಿ ಕಾಡ್, ಹ್ಯಾಡಕ್ ಮೀನು ಚೆಲ್ಲುವುದನ್ನು ನಿಷೇಧಿಸಿತು. ನಿಯಮ ಮೀರಿ ಸಿಕ್ಕ ಮೀನನ್ನೂ ದಡಕ್ಕೆ ತರಬೇಕು. ಅದರ ಬೆಲೆಯಲ್ಲಿ ಶೇ. 20 ಮೀನುಗಾರನಿಗೆ, ಉಳಿದದ್ದು ಮಾರಾಟ ಸಂಘಕ್ಕೆ ಎಂಬ ಏರ್ಪಾಡು ಅಲ್ಲಿ ಬಂತು. ತರುವ ಕೂಲಿ ಗಿಟ್ಟುತ್ತದೆ, ಬೆನ್ನಟ್ಟುವ ಆಸೆ ಹುಟ್ಟುವುದಿಲ್ಲ. ಆ ಶೇ. 20 ನಮಗೆ ಹಾಗೇ ಒಗ್ಗಬೇಕೆಂದಿಲ್ಲ. ಇಲ್ಲಿನ ದರ ಐಸು ಮತ್ತು ಇಳಿಸುವ ಕೂಲಿಗಿಂತ ತುಸು ಮೇಲಿರಬೇಕು, ಒಂದು ಎಳೆತದ ಡೀಸೆಲ್ ಖರ್ಚಿಗಿಂತ ಕೆಳಗಿರಬೇಕು. ಡೀಸೆಲ್ ಬೆಲೆ ಬದಲಾದಾಗಲೆಲ್ಲ ಅದನ್ನು ಮರುನಿಗದಿ ಮಾಡಬೇಕು.

ಜಾರಿ ಮಿಲ್ಲಿನ ಗೇಟಿನಲ್ಲಾಗಲಿ. ಪ್ರತಿ ಲಾರಿಯ ಮೇಲೆ, ನಡುವೆ, ತಳದಿಂದ ಒಂದೊಂದು ಬುಟ್ಟಿ ತೆಗೆದು ಜಾತಿವಾರು ಬೇರ್ಪಡಿಸಿ ಅಳತೆಪಟ್ಟಿಗೆ ಹಿಡಿಯಬೇಕು. ಮೇಲಿನ ಬುಟ್ಟಿ ಮಾತ್ರ ನೋಡಿದರೆ ಮಿಲ್ಲಿಗೆ ಹೋಗುವ ಕಾರ್ಗಿಲ್ ಮೀನೇ (ಟ್ರಿಗರ್‌ಫಿಶ್) ಕಾಣುತ್ತದೆ, ಮರಿ ಅಡಿಯಲ್ಲಿರುತ್ತದೆ. ಲಾರಿಯಲ್ಲಿ ಹಲವು ಬೋಟುಗಳ ಮೀನು ಬೆರೆಯುವುದರಿಂದ ದಕ್ಕೆಯಲ್ಲೇ ಬೋಟಿನ ನಂಬರು ಬರೆದ ಚೀಟಿ ಕಡ್ಡಾಯವಾಗಲಿ. ಮಿತಿ ಮೀರಿದ ಮರಿಮೀನಿನ ಪಾಲಿಗೆ ಮಿಲ್ಲು ಬೋಟಿಗೆ ಕೊಡುವುದು ನಿಗದಿತ ದರ ಮಾತ್ರ. ವ್ಯತ್ಯಾಸ ಬಲೆ ಬದಲಾವಣೆಯ ನಿಧಿಗೆ. ಮತ್ತೆ ಮತ್ತೆ ಸಿಕ್ಕಿಬಿದ್ದ ಬೋಟಿನ ಕರರಹಿತ ಡೀಸೆಲ್ ಕೋಟಾ ಕಡಿತವಾಗಲಿ. ಕೇರಳ, ಗೋವಾ ಜೊತೆ ಮಾತಾಡದೆ ಹೊರಟರೆ ಲಾರಿಗಳು ಗಡಿ ದಾಟುತ್ತವೆ, ಅಷ್ಟೇ.

ಬಲೆಯದೂ ಒಂದು ಮಾತಿದೆ. ವಜ್ರಾಕಾರದ ಕಣ್ಣು ಎಳೆತಕ್ಕೆ ಉದ್ದಕ್ಕೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಚೌಕ ಕಣ್ಣು ತೆರೆದೇ ಇರುತ್ತದೆ. ಆದರೆ ಸಾಮಾನ್ಯ ಗಂಟಿನ ಬಲೆಯನ್ನೇ 45 ಡಿಗ್ರಿ ತಿರುಗಿಸಿ ಹೊಲಿದರೆ ಗಂಟು ಜಾರಿ ಕಣ್ಣು ಏರುಪೇರಾಗುತ್ತದೆ. ಗಂಟಿಲ್ಲದ ಬಲೆಯನ್ನೇ ಕೊಡಿ. ಸಣ್ಣ ಸಿಗಡಿ ಕಳೆದುಕೊಳ್ಳುತ್ತೇವೆಂಬ ಬೋಟಿನವರ ದೂರು ಸುಳ್ಳಲ್ಲ. ಒಳಗೊಂದು ಸಣ್ಣ ಕಣ್ಣಿನ ಚೀಲ ಕಟ್ಟಿಕೊಳ್ಳುವುದು ಅದಕ್ಕೇ. ಮೊದಲ ಹಂಗಾಮಿನ ಈ ನಷ್ಟಕ್ಕೆ ನಿಧಿಯಿಂದ ಪರಿಹಾರ ಇಡದಿದ್ದರೆ ಹೊಸ ಬಲೆ ಶೆಡ್ಡಿನಲ್ಲೇ ಉಳಿಯುತ್ತದೆ.

ಬಲೆ ದುರಸ್ತಿ ನಡೆಯುವುದು ಜೂನ್ 1ರಿಂದ ಜುಲೈ 31ರವರೆಗಿನ ರಜೆಯಲ್ಲಿ. ಹಳೆ ಕಾಡ್ ಎಂಡ್ ಒಪ್ಪಿಸಿದವರಿಗೇ ಹೊಸದು ಸಿಗುವಂತೆ ಮೇ ಒಳಗೆ ಆದೇಶ ಹೊರಡಿಸಬೇಕೆಂದು ಕೋರುತ್ತೇವೆ.

ಇತಿ,
ಕರಾವಳಿಯ ಮೀನುಗಾರಿಕೆ ಬಲ್ಲ ಕೆಲವರು