ಮೀನಿಗೆ ದಕ್ಕುವ ಪ್ರೊಟೀನ್ ಎಷ್ಟು ಅಂತ ಚೀಲದ ಮೇಲೆ ಬರೆಯಿರಿ

ಮಾನ್ಯ ಸಂಪಾದಕರೇ,

ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ತೋಟದ ಪಕ್ಕದ ಹೊಂಡದಲ್ಲಿ ಕಾಟ್ಲಾ, ರೋಹು, ಗೆಂಡೆ ಸಾಕುವವರಿದ್ದಾರೆ. ಮೇವು ಕೊಳ್ಳುವಾಗ ಎಲ್ಲರೂ ನೋಡುವುದು ಚೀಲದ ಮೇಲಿನ ಪ್ರೊಟೀನ್ ಅಂಕಿ. 24 ಅಂದರೆ ಸಾಧಾರಣ, 32 ಅಂದರೆ ಒಳ್ಳೇದು ಅಂತ ಜಾಸ್ತಿ ದುಡ್ಡು ಕೊಡುತ್ತೇವೆ. ಆ ಅಂಕಿ ಬರುವುದು ಹೇಗೆ? ಲ್ಯಾಬಿನಲ್ಲಿ ಮೇವಿನ ನೈಟ್ರೋಜನ್ ಅಳೆದು 6.25ರಿಂದ ಗುಣಿಸುತ್ತಾರೆ, ಅಷ್ಟೇ. ನೈಟ್ರೋಜನ್ ಬಂದದ್ದು ಶೇಂಗಾ ಹಿಂಡಿಯಿಂದಲೋ, ಬೇಯಿಸದ ಕೋಳಿ ಪುಕ್ಕದಿಂದಲೋ, ಯೂರಿಯಾದಿಂದಲೋ ಆ ಲೆಕ್ಕಕ್ಕೆ ಗೊತ್ತಾಗುವುದೇ ಇಲ್ಲ. 28% ಪ್ರೊಟೀನಿನ ನೂರು ಕೆಜಿ ಮೇವಿಗೆ ಯಾರಾದರೂ ಒಂದು ಕೆಜಿ ಯೂರಿಯಾ ಬೆರೆಸಿದರೆ ಕಾಗದದ ಮೇಲೆ ಅದು 30% ದಾಟುತ್ತದೆ. ಮೀನಿಗೆ ಅದರಿಂದ ಏನು ಬಂತು?

ದಕ್ಕಿದ್ದೆಷ್ಟು ಅಂತ ಅಳೆಯುವ ದಾರಿ ಹಳೆಯದೇ. ಮೇವಿಗೆ ಕ್ರೋಮಿಕ್ ಆಕ್ಸೈಡ್ ಎಂಬ ಹಸಿರು ಪುಡಿ ಒಂದಿಷ್ಟು ಬೆರೆಸುತ್ತಾರೆ. ಅದು ಜೀರ್ಣವಾಗುವುದಿಲ್ಲ, ಒಳಗೆ ಹೋದಷ್ಟೂ ಹೊರಗೆ ಬರುತ್ತದೆ. ಮೇವಿನಲ್ಲಿ 1% ಇದ್ದ ಪುಡಿ ಹಿಕ್ಕೆಯಲ್ಲಿ 3% ಆಯಿತು ಅನ್ನಿ, ಮೇವಿನಲ್ಲಿ 30% ಇದ್ದ ಪ್ರೊಟೀನ್ ಹಿಕ್ಕೆಯಲ್ಲಿ 15% ಉಳಿಯಿತು ಅನ್ನಿ. ಪುಡಿ ಮೂರು ಪಟ್ಟು ದಟ್ಟವಾಯಿತು ಅಂದರೆ ನೂರು ಕೆಜಿ ಮೇವಿಗೆ ಹಿಕ್ಕೆ ಸುಮಾರು 33 ಕೆಜಿ, ಅದರಲ್ಲಿ ಪ್ರೊಟೀನ್ 5 ಕೆಜಿ. ತಿಂದ 30 ಕೆಜಿ ಪ್ರೊಟೀನಿನಲ್ಲಿ ಮೀನಿಗೆ ದಕ್ಕಿದ್ದು 25 ಕೆಜಿ, ಅಂದರೆ ಸುಮಾರು 83%. ಹಿಕ್ಕೆಯನ್ನು ಮಾತ್ರ ಬೇಗ ಎತ್ತಬೇಕು, ತಡವಾದರೆ ಪ್ರೊಟೀನ್ ನೀರಿಗೆ ಕರಗಿ ಹೋಗಿ ಮೇವು ಇದ್ದದ್ದಕ್ಕಿಂತ ಚೆನ್ನಾಗಿ ಜೀರ್ಣವಾದಂತೆ ಕಾಣುತ್ತದೆ. ಗಾಜಿನ ಕೊಳವೆಯಲ್ಲಿ ಪೆಪ್ಸಿನ್ (ಜಠರದಲ್ಲಿ ಪ್ರೊಟೀನ್ ಜೀರ್ಣಿಸುವ ಕಿಣ್ವ) ಹಾಕಿ ಮಾಡುವ ಪರೀಕ್ಷೆ ಅಗ್ಗ, ಕೆಟ್ಟ ಪುಕ್ಕದ ಪುಡಿ ಹಿಡಿಯಲು ಸಾಕು. ಆದರೆ ಗೆಂಡೆ ಜಾತಿಯ ಮೀನಿಗೆ (ಕಾಟ್ಲಾ, ರೋಹು ಕೂಡ ಇದೇ ಜಾತಿ) ಜಠರವೇ ಇಲ್ಲ, ಪೆಪ್ಸಿನ್ನೂ ಇಲ್ಲ. ಹಾಗಾಗಿ ಅದೊಂದನ್ನೇ ನಂಬುವ ಹಾಗಿಲ್ಲ, ಮೀನಿಗೇ ತಿನ್ನಿಸಿ ನೋಡಬೇಕು.

ದಕ್ಕದ ಮೇವು ಹೊಂಡದ ತಳ ಸೇರಿ ಕೊಳೆಯುತ್ತದೆ, ಆಮ್ಲಜನಕ ತಿನ್ನುತ್ತದೆ. ಮಳೆಗಾಲದಲ್ಲಿ ನಾಲ್ಕು ದಿನ ಬಿಸಿಲು ಬೀಳದಿದ್ದರೆ ಸಾಕು, ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತವೆ. ಮೇವಿಗೆ ಕೊಟ್ಟ ದುಡ್ಡೂ ಹೋಯಿತು, ಮೀನೂ ಹೋಯಿತು ಅಲ್ವಾ?

ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯ, ಮಂಗಳೂರಿನ ಮೀನುಗಾರಿಕೆ ಕಾಲೇಜು ಮತ್ತು ಮೀನುಗಾರಿಕೆ ಇಲಾಖೆ ಸೇರಿ ನಮ್ಮಲ್ಲಿ ಸಿಗುವ ಅಕ್ಕಿ ತೌಡು, ಶೇಂಗಾ ಹಿಂಡಿ, ಸೋಯಾ ಹಿಂಡಿಯನ್ನು ಕಾಟ್ಲಾ, ರೋಹುವಿಗೇ ತಿನ್ನಿಸಿ ಅಳೆದು, ಪಟ್ಟಿಯನ್ನು ಕನ್ನಡದಲ್ಲಿ ರೈತ ಸಂಪರ್ಕ ಕೇಂದ್ರಗಳಲ್ಲಿ ಹಾಕಲಿ. ಮೇವಿನ ಕಂಪನಿಗಳು ಒಟ್ಟು ಪ್ರೊಟೀನ್ ಪಕ್ಕದಲ್ಲೇ ದಕ್ಕುವ ಪ್ರೊಟೀನನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅಂತ ಸರ್ಕಾರ ಕಡ್ಡಾಯ ಮಾಡಲಿ.

— ಒಬ್ಬ ಮೀನು ಕೃಷಿಕ, ತೀರ್ಥಹಳ್ಳಿ ತಾಲ್ಲೂಕು