ಅಜ್ಜಿ ಕೊಟ್ಟ ಅವಲಕ್ಕಿ ಸರ

ತೀರ್ಥಹಳ್ಳಿ

ಪ್ರೀತಿಯ ಗೆಳೆಯಾ,

ನೀನು ಮೊನ್ನೆ ಕಳಿಸಿದ ಫೋಟೋ ನೋಡಿದೆ. ಸೈನಿಕರ ಹಸಿರು ಅಂಗಿ ತೊಟ್ಟು, ಬೈನಾಕ್ಯುಲರ್ ಹಿಡಿದು ಗಡಿಯ ಕಡೆ ದಿಟ್ಟಿಸಿ ನಿಂತ ಮುಖಂಡ. ಕೆಳಗೆ, 'ಯುದ್ಧದ ಹೊತ್ತಲ್ಲಿ ನಾಯಕ ಅಂದ್ರೆ ಹೀಗಿರಬೇಕು' ಅಂತ ಬರೆದಿದ್ದೆ. ಫೋನಿನಲ್ಲೇ ಒಂದು ಸಾಲು ಉತ್ತರ ಹಾಕಿ ಮುಗಿಸೋಣ ಅಂದುಕೊಂಡೆ, ಮನಸ್ಸು ಒಪ್ಪಲಿಲ್ಲ ಮಾರಾಯ. ಮೂರು ದಿನದಿಂದ ಇಲ್ಲಿ ಹಿಡಿದ ಮಳೆ ಬಿಟ್ಟಿಲ್ಲ, ಕರೆಂಟಿಲ್ಲ, ತೋಟಕ್ಕೆ ಇಳಿಯೋ ಹಾಗಿಲ್ಲ. ಕೂತು ಬರೀತಿದ್ದೇನೆ.

ನಮ್ಮನೆ ಅಟ್ಟದ ಮರದ ಪೆಟ್ಟಿಗೆ ನಿನಗೆ ನೆನಪಿರಬೇಕು. ಅದರಲ್ಲಿ 1962ರ ಒಂದು ರಸೀದಿ ಇದೆ, ರಾಷ್ಟ್ರೀಯ ರಕ್ಷಣಾ ನಿಧಿಗೆ ಚಿನ್ನ ಕೊಟ್ಟದ್ದಕ್ಕೆ. ಮಡಿಕೆಯಲ್ಲಿ ಹರಿದು ಎರಡಾಗುವ ಹಾಗಿದೆ, ಒಂದು ಮೂಲೆ ಗೆದ್ದಲು ತಿಂದಿದೆ. ಅಜ್ಜಿ ತವರಿನಿಂದ ತಂದ ಅವಲಕ್ಕಿ ಸರ ಅದು. ಚೀನಾ ಜೊತೆಗಿನ ಯುದ್ಧದ ಸುದ್ದಿ ಕೇಳಿ, ಯಾರೂ ಕೇಳುವ ಮುಂಚೆಯೇ ಬಿಚ್ಚಿ, ಅಂಟುವಾಳದ ನೊರೆಯಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ ಅಜ್ಜನ ಕೈಗಿಟ್ಟಳಂತೆ. 'ಆ ಹುಡುಗ್ರಿಗೆ ಚಳಿಗೆ ಹೊದೆಯಕ್ಕೆ ಏನಾದ್ರೂ ಆಗ್ಲಿ' ಅಂದಳಂತೆ. ಮಲೆನಾಡಿನವಳಲ್ಲವಾ, ಒದ್ದೆಯಾಗಿ ಚಳಿಗೆ ಕೂತರೆ ಏನಾಗುತ್ತದೆ ಅಂತ ಗೊತ್ತಿತ್ತು.

ಅವಳ ಊಹೆ ಎಷ್ಟು ಸರಿಯಿತ್ತು ಅಂತ ನನಗೆ ತಿಳಿದದ್ದು ತುಂಬಾ ತಡವಾಗಿ. ಆ ವರ್ಷ ಅಕ್ಟೋಬರ್ 12ರಂದು ಕೊಲಂಬೋಗೆ ಹೊರಟಿದ್ದ ನೆಹರೂ, ಚೀನೀಯರಿಂದ ನಮ್ಮ ನೆಲ ಬಿಡಿಸಿಕೊಳ್ಳಲು ಸೇನೆಗೆ ಹೇಳಿದ್ದೇನೆ ಅಂತ ಪತ್ರಕರ್ತರ ಮುಂದೆ ಅಂದರು. ಪತ್ರಿಕೆಗಳಲ್ಲಿ ಅದು ದೊಡ್ಡ ತಲೆಬರಹವಾಯಿತು, ದೇಶದ ಎದೆ ಉಬ್ಬಿತು. ಅದೇ ಹೊತ್ತಿಗೆ ಈಗಿನ ಅರುಣಾಚಲದ ಗಡಿಯಲ್ಲಿ, ಥಗ್ ಲಾ ಬೆಟ್ಟಸಾಲಿನ ಕೆಳಗೆ, ನಾಮ್ಕಾ ಚೂ ಹೊಳೆಯ ದಡದಲ್ಲಿ, ನಮ್ಮ ಏಳನೇ ಬ್ರಿಗೇಡಿನ ಹುಡುಗರು ಬೇಸಿಗೆಯ ಹತ್ತಿ ಬಟ್ಟೆ, ಕ್ಯಾನ್ವಾಸ್ ಬೂಟಿನಲ್ಲಿ ನಡುಗುತ್ತಿದ್ದರು. ಒಬ್ಬೊಬ್ಬರಿಗೆ ಐವತ್ತೇ ಗುಂಡು. ಎಂಟೇ ದಿನಕ್ಕೆ, 20ರ ಬೆಳಗಿನ ಜಾವ, ಚೀನಾ ಸೇನೆ ಮೇಲೆ ಬಿತ್ತು. ಎರಡು ದಿನದಲ್ಲಿ ಆ ಬ್ರಿಗೇಡಿನ ಮುಖ್ಯಸ್ಥ ಬ್ರಿಗೇಡಿಯರ್ ಜಾನ್ ದಳವಿ ಸೆರೆಯಾದರು. ಅವರ ಮೇಲಿನ ಕೋರ್ ಕಮಾಂಡರ್ ಬಿ. ಎಂ. ಕೌಲ್ ಕಾಯಿಲೆ ಬಿದ್ದು, ದೆಹಲಿಯಲ್ಲಿ ಹಾಸಿಗೆಯ ಮೇಲಿಂದಲೇ ಆಜ್ಞೆ ಕೊಡುತ್ತಿದ್ದರು.

ರಕ್ಷಣಾ ಮಂತ್ರಿ ಕೃಷ್ಣ ಮೆನನ್ ವರ್ಚಸ್ಸಿಗೆ ಆಗ ಸಾಟಿಯಿರಲಿಲ್ಲ. 1957ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ವಿಷಯಕ್ಕೆ ಭಾರತದ ಪರವಾಗಿ ಸುಮಾರು ಎಂಟು ಗಂಟೆ ಮಾತಾಡಿ ಕುಸಿದವರು. ಅವರು ಮಂತ್ರಿಯಾಗಿದ್ದಾಗಲೇ, 1961ರ ಡಿಸೆಂಬರ್‌ನಲ್ಲಿ, ಗೋವಾ ಬಿಡುಗಡೆಯಾಯಿತು. ಮರುವರ್ಷದ ಚುನಾವಣೆಯಲ್ಲಿ ಉತ್ತರ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮಾಜಿ ಅಧ್ಯಕ್ಷ ಆಚಾರ್ಯ ಕೃಪಲಾನಿಯವರನ್ನು ಭಾರೀ ಅಂತರದಿಂದ ಸೋಲಿಸಿದರು. ಬುದ್ಧಿವಂತರು, ನಮ್ಮ ಆಯುಧ ನಮ್ಮಲ್ಲೇ ತಯಾರಾಗಬೇಕು ಅಂತ ಹಟ ಹಿಡಿದವರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಕೊಡಗಿನ ತಿಮ್ಮಯ್ಯ ಸೇನಾ ಮುಖ್ಯಸ್ಥರಾಗಿದ್ದಾಗ, ಈ ಮಂತ್ರಿಯ ಜೊತೆ ಏಗಲಾರದೆ 1959ರಲ್ಲೇ ರಾಜೀನಾಮೆ ಬರೆದುಕೊಟ್ಟಿದ್ದರು. ನೆಹರೂ ತಿಮ್ಮಯ್ಯನವರನ್ನು ಒಪ್ಪಿಸಿ ಅದನ್ನು ವಾಪಸ್ ತೆಗೆಸಿದರು, ಆಮೇಲೆ ಸಂಸತ್ತಿನಲ್ಲಿ ತಿಮ್ಮಯ್ಯನವರದ್ದೇ ತಪ್ಪು ಅನ್ನುವ ಹಾಗೆ ಮಾತಾಡಿದರು. ನೆಹರೂ ಮೇಲೆ ನನಗಿರುವ ಗೌರವ ನಿನಗೆ ಗೊತ್ತು. ಆದರೂ ಈ ಒಂದು ವಿಷಯ ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ ಕಣೋ. ಎಚ್ಚರಿಸಬಲ್ಲ ಮನುಷ್ಯನ ಬಾಯಿ ಕಟ್ಟಿದ್ದು ಅಲ್ಲಿ.

ನವೆಂಬರ್ 7ಕ್ಕೆ ಮೆನನ್ ಸಂಪುಟ ಬಿಟ್ಟರು. 21ಕ್ಕೆ ಯಶವಂತರಾವ್ ಚವಾಣ್ ಆ ಕುರ್ಚಿಗೆ ಬಂದರು. ನಾನು ನಿನಗೆ ಹೇಳಬೇಕು ಅಂತಿದ್ದದ್ದು ಇವರ ವಿಷಯ. ಅವರ ಯಾವ ಫೋಟೋನೂ ನಿನ್ನ ಕಣ್ಣ ಮುಂದೆ ಬರಲಿಕ್ಕಿಲ್ಲ, ನನಗೂ ಬರುವುದಿಲ್ಲ. ಬೆಟ್ಟದಲ್ಲಿ ಕಾದಾಡಲೆಂದೇ ಹತ್ತು ಪರ್ವತ ಡಿವಿಷನ್, ಸೇನೆಯ ಬಲ 8,25,000ಕ್ಕೆ ಏರಿಸುವ ಯೋಜನೆ. ಸೋಲಿಗೆ ಕಾರಣ ಏನು ಅಂತ ನಡೆದ ತನಿಖೆಯ ಸಾರವನ್ನು 1963ರ ಸೆಪ್ಟೆಂಬರ್‌ನಲ್ಲಿ ಸಂಸತ್ತಿನ ಮುಂದಿಟ್ಟು, ತರಬೇತಿ, ಸಲಕರಣೆಯ ಕೊರತೆಗಳನ್ನು ಒಪ್ಪಿಕೊಂಡರು. ಜೂನಿಗೆ ಮುಂಚೆ, ಅಡಿಕೆಗೆ ಕೊಳೆರೋಗ ಬರದಿರಲಿ ಅಂತ, ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತೇವಲ್ಲ, ಹಾಗೆ ಮಾಡಿದ ಕೆಲಸ. ಅಡಿಕೆ ನಿಂತರೆ ಯಾರೂ ಅದನ್ನು ಹೊಗಳುವುದಿಲ್ಲ, ಕೊಳೆ ಬಂದು ಕಾಯಿ ಉದುರಿದ ವರ್ಷ ಮಾತ್ರ ನೆನಪಾಗುತ್ತದೆ.

1965ರ ಸೆಪ್ಟೆಂಬರ್ 1ರ ಸಂಜೆ, ಜಮ್ಮು ಕಡೆಯ ಛಾಂಬ್‌ನಲ್ಲಿ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದ್ದವು. ವಾಯುಪಡೆ ಬೇಕು ಅಂತ ಸೇನೆ ಕೇಳಿತು. ಚವಾಣ್ ನಿಮಿಷಗಳಲ್ಲಿ ಹೂಂ ಅಂದರು, ಕತ್ತಲಾಗುವ ಮುಂಚೆ ವಿಮಾನಗಳು ಹಾರಿದವು. 6ರಂದು ನಮ್ಮ ಸೇನೆ ಗಡಿ ದಾಟಿತು, ಅದಕ್ಕೆ ಒಪ್ಪಿಗೆ ಕೊಟ್ಟವರು ಧೋತ್ರ ಉಟ್ಟ, ಗಿಡ್ಡ ಆಳ್ತನದ ಶಾಸ್ತ್ರೀಜಿ. ಅವರು ಸೈನಿಕರ ಅಂಗಿ ತೊಟ್ಟು ನಿಲ್ಲಲಿಲ್ಲ, ಬೇಕಾಗಲೂ ಇಲ್ಲ.

ನಿನ್ನ ಫೋಟೋ ಅಳಿಸು ಅಂತ ನಾನು ಹೇಳುತ್ತಿಲ್ಲ. ಆ ಬೈನಾಕ್ಯುಲರಿನಾಚೆ ಕಾಣುವ ಬೆಟ್ಟದ ಮೇಲೆ ಈ ಹೊತ್ತು ಕಾವಲಿಗೆ ಕೂತವನ ಕಾಲಲ್ಲಿ ಎಂಥ ಬೂಟಿದೆ ಅಂತ ಕೇಳು, ಅಷ್ಟೇ. ಅಜ್ಜಿ ಕೇಳಿದ್ದೂ ಅಷ್ಟೇ ಆಗಿತ್ತು. ಓದು ಬರಹ ಬಾರದವಳು.

ಆ ಸರದ ಬದಲು ಅವಳು ಮತ್ತೆ ಏನೂ ಮಾಡಿಸಿಕೊಳ್ಳಲಿಲ್ಲ. ಕೊನೆತನಕ ಕರಿಮಣಿಯೊಂದೇ.

ದೀಪಾವಳಿಗೆ ಬಂದಾಗ ರಸೀದಿ ತೋರಿಸ್ತೇನೆ. ತೂಕ ಬರೆದ ಜಾಗದಲ್ಲಿ ಶಾಯಿ ಮಾಸಿದೆ, ಬೆಳಕಿಗೆ ಹಿಡಿದರೆ ಓದಬಹುದು. ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಅಂತ ಹೇಳು.

ನಿನ್ನ ಗೆಳೆಯ