ನಗರಸೇವಕರೇ, ನಮ್ಮ ರಸ್ತೆಯ ಮರಗಳ ಬುಡ ಬಿಡಿಸಿಕೊಡಿ

ಮಾನ್ಯ ನಗರಸೇವಕರಿಗೆ ನಮಸ್ಕಾರ.

ಕುಂದಾಪುರದಿಂದ ಮದುವೆಯಾಗಿ ಮುಂಬೈಗೆ ಬಂದಾಗಿನಿಂದ ನಾನು ನಿಮ್ಮ ವಾರ್ಡಿನಲ್ಲೇ ಇದ್ದೇನೆ. ಅರ್ಜಿ ಕೊಟ್ಟೆ, ಆ್ಯಪ್‌ನಲ್ಲಿ ದೂರು ಹಾಕಿದೆ, ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ಕೂತು ಸಾಕಾಯಿತು. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಕೇಳುವುದು ಒಂದೇ. ನೆಲಕ್ಕೆ ಹಾಸುವ ಸಿಮೆಂಟಿನ ಪೇವರ್ ಬ್ಲಾಕ್ ಹಾಕಿ ಮುಚ್ಚಿರುವ ನಮ್ಮ ರಸ್ತೆಯ ಮಳೆಮರಗಳ ಬುಡ ಬಿಡಿಸಿಕೊಡಿ.

ನಿಯಮ ನಿಮಗೆ ಗೊತ್ತಿದೆ. ಮಹಾರಾಷ್ಟ್ರದ 1975ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಮರಕ್ಕೆ ಯಾವ ರೀತಿ ಹಾನಿ ಮಾಡಿದರೂ ಅದು ಕಡಿದ ಲೆಕ್ಕವೇ. 2021ರ ತಿದ್ದುಪಡಿ ಬಂದ ಮೇಲೆ 50 ವರ್ಷ ದಾಟಿದ ಮರ ಪಾರಂಪರಿಕ ಮರ. ಬುಡದ ಸುತ್ತ ಒಂದು ಮೀಟರ್ ಜಾಗಕ್ಕೆ ಕಾಂಕ್ರೀಟ್ ಹಾಕಬಾರದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಯ ಪ್ರಕರಣದಲ್ಲಿ ಹೇಳಿತ್ತು. ಇದನ್ನೆಲ್ಲ ನಿಮಗೆ ನಾನು ಹೇಳಬೇಕಾ?

ಕಳೆದ ಮೇ ತಿಂಗಳಲ್ಲಿ ಏನಾಯಿತು ಅಂತ ಕೇಳಿ. ನಮ್ಮ ದೂರಿಗೆ ಕೊನೆಗೂ ಗುತ್ತಿಗೆದಾರರ ಜನ ಬಂದರು. ಕೈಯಲ್ಲಿ ಗುದ್ದಲಿ ಇರಲಿಲ್ಲ, ಜೆಸಿಬಿ ತಂದಿದ್ದರು! ಪೇವರ್ ಬ್ಲಾಕ್ ಕಿತ್ತರು, ಸರಿ. ಆಮೇಲೆ ಒಂದು ಮರದ ಕಾಂಡದ ಪಕ್ಕದಲ್ಲೇ ಜೆಸಿಬಿಯ ಬಕೆಟ್ ಇಳಿಸಿದರು. ತೋಳು ದಪ್ಪದ ಬೇರುಗಳು ಪಟಪಟ ಕಿತ್ತುಬಂದವು. ನಾನು ಕೂಗಿದೆ, ಚಹಾದ ಹುಡುಗ ಕೂಗಿದ, ಯಾರೂ ಕೇಳಲಿಲ್ಲ. ಗುಂಡಿಗೆ ಒಡೆದ ಮನೆಯ ಸಿಮೆಂಟು, ಇಟ್ಟಿಗೆ ಚೂರು ತುಂಬಿ, ಯಂತ್ರದಿಂದ ಕುಟ್ಟಿ ಕುಟ್ಟಿ ಗಟ್ಟಿ ಮಾಡಿದರು. ಮೇಲೆ ಹೊಸ ಬ್ಲಾಕ್. ಒಂದು ಫೋಟೋ. ಸಂಜೆ ನನ್ನ ಮೊಬೈಲಿಗೆ ಸಂದೇಶ ಬಂತು, ದೂರು ಬಗೆಹರಿದಿದೆ ಅಂತ.

ಜುಲೈ ಮಳೆಯಲ್ಲಿ ಆ ಮರ ಉರುಳಿತು. ಬೆಳಗಿನ ಜಾವ ಆದ್ದರಿಂದ ಜನ ಉಳಿದರು. ನಮ್ಮ ಉಡುಪಿ ಕಡೆಯವರೊಬ್ಬರ ಇಡ್ಲಿ ಗಾಡಿ ಅಪ್ಪಚ್ಚಿ. ಅವರ ಹೊಟ್ಟೆಪಾಡು ಅದೇ. ನಿಮ್ಮವರು ಬಂದು "ಮರ ಹಳೆಯದು, ಗಾಳಿ ಜೋರಿತ್ತು" ಅಂದರು. ನಾಚಿಕೆ ಆಗಬೇಕು. ಬಿದ್ದ ಮರದ ಒಂದು ಪಕ್ಕ ಬೇರುಗಳೇ ಇರಲಿಲ್ಲ, ಎಲ್ಲರೂ ನೋಡಿದ್ದಾರೆ.

ಮರಕ್ಕೆ ನೀರು, ಗಾಳಿ ಎಳೆದುಕೊಡುವ ಬೇರು ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತದೆ. ಆ ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕು. ಗಾಡಿ ನಿಲ್ಲಿಸಿ, ರೋಲರ್ ಓಡಿಸಿ ಸಂದು ಮುಚ್ಚಿದರೆ ಮಳೆ ನೀರು ಇಳಿಯದೆ ಗಟಾರಕ್ಕೆ ಹೋಗುತ್ತದೆ. ಈ ಊರಿನ ಮಳೆಯಲ್ಲೂ ಮರ ಬಾಯಾರುತ್ತದೆ. ಉಳಿದ ಮರಗಳ ತುದಿ ಕೊಂಬೆ ಈಗಲೇ ಒಣಗುತ್ತಿವೆ. ನೀವು ಪ್ರತಿ ವರ್ಷ ಕಾಂಡಕ್ಕೆ ಕಾವಿ, ಸುಣ್ಣ ಬಳಿಸುತ್ತೀರಿ. ಬಣ್ಣ ಬೇಡ, ಬುಡ ಬಿಡಿಸಿ.

ಊರಲ್ಲಿ ಅಡಿಕೆ ಮರಕ್ಕೆ ನಮ್ಮ ಅಪ್ಪ ಬೇರಿಗೆ ಪೆಟ್ಟಾಗದಂತೆ ಬುಡ ಬಿಡಿಸಿ ಸೊಪ್ಪು ಹೊದಿಸುತ್ತಿದ್ದರು. ಇಲ್ಲೂ ಅಷ್ಟೇ ಸಾಕು. ಬ್ಲಾಕ್‌ಗಳನ್ನು ಕೈಯಿಂದ ತೆಗೆಯಿಸಿ. ಗಾಳಿಯ ಒತ್ತಡದಿಂದ ಮಣ್ಣು ಸಡಿಲಿಸುವ ಯಂತ್ರವಿದೆ, ಅದು ಬೇರು ಕಡಿಯುವುದಿಲ್ಲ. ಅದಿಲ್ಲದಿದ್ದರೆ ಕೈ ಬೈರಿಗೆಯಿಂದ ಎರಡೆರಡು ಅಡಿಗೆ ಒಂದರಂತೆ, ಎರಡು ಇಂಚು ಅಗಲ, ಒಂದೂವರೆ ಅಡಿ ಆಳದ ತೂತು ಕೊರೆಸಿ. ದಪ್ಪ ಬೇರು ಸಿಕ್ಕರೆ ಜಾಗ ಬದಲಿಸಲಿ. ತೂತಿಗೆ ಕಾಂಪೋಸ್ಟ್ ತುಂಬಿ, ಮೇಲೆ ಮೂರು ಇಂಚು ತರಗೆಲೆ. ಕಾಂಡಕ್ಕೆ ಮಾತ್ರ ತಾಗಬಾರದು. ಎಲೆಗೆ ದುಡ್ಡು ಕೊಡಬೇಕಿಲ್ಲ, ದಿನಾ ಗುಡಿಸಿ ಲಾರಿಗೆ ತುಂಬುತ್ತೀರಲ್ವಾ?

ಮಳೆ ಹಿಡಿಯುವ ಮೊದಲು ಬುಡ ಬಿಡಿಸಿಕೊಡಿ. ಅಲ್ಲಿ ಗಾಡಿ ನಿಲ್ಲದಂತೆ ಕಟ್ಟೆಯಲ್ಲ, ಬರೀ ಕಂಬಿ ಹಾಕಿಸಿ. ಕೆಲಸದ ದಿನ ಮೊದಲೇ ತಿಳಿಸಿ, ಮರದ ಕೆಲಸ ಗೊತ್ತಿರುವ ಒಬ್ಬರನ್ನು ಜೊತೆಗೆ ಕಳಿಸಿ. ಮತ್ತೆ ಜೆಸಿಬಿ ಬಂದರೆ ಈ ರಸ್ತೆಯ ಹೆಂಗಸರೆಲ್ಲ ಮರದ ಬುಡದಲ್ಲೇ ಕೂರುತ್ತೇವೆ, ಏಳುವುದಿಲ್ಲ.

ಇಂತಿ,
ನಿಮ್ಮ ವಾರ್ಡಿನ ಮತದಾರಳು